ಎರಡು ಫರ್ಲಾಂಗಿನ ಹವಾ

ಕಳೆದ ವಾರ ಕಾತ್ರಜದಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಘಾಟ್ ಇಳಿದು ಬಂದ ಲಾರಿಯೊಂದು ಒಮ್ಮೆಲೇ ಬ್ರೇಕು ಹಾಕಿತು. ಸುಟ್ಟ ರಬ್ಬರಿನ ವಾಸನೆ ಎದ್ದಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಬಾಯಿ ಮುಚ್ಚಿಕೊಂಡೆ. ಏಳು ವರ್ಷಗಳಿಂದ ಹೀಗೇ. ಆ ವಾಸನೆ ಬಂದರೆ ಸಾಕು, ನನ್ನ ಕೈ ತಾನಾಗಿ ಬಾಯಿಗೆ ಹೋಗುತ್ತದೆ.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಹೇಳದೆಯೇ ತಪ್ಪಿಸಿಕೊಳ್ಳುವ ಜಾತಿಯವನು ನಾನು. ಆ ಭಾನುವಾರ ಬೆಳಿಗ್ಗೆ ‘ಆತ್ರಿ, ಹೊಂಡ್ರಿ’ ಎಂದದ್ದು ಹವಾ ಕಾಕಾ ಅಲ್ಲ, ನಾನು. ಅವರದೇ ದನಿಯಲ್ಲಿ, ಅವರಂತೆಯೇ ಗಾಡಿಯ ಮೈ ತಟ್ಟಿ, ನಾಲ್ಕು ಜನ ನಗಲಿ ಎಂದು ಅಂದೆ. ನಾಲ್ಕಲ್ಲ, ಹತ್ತಿಪ್ಪತ್ತು ಜನ ನಕ್ಕರು. ಆ ಮಾತು ಕೇಳಿ ಹೊರಟ ಗಾಡಿ ಮಾತ್ರ ಊರು ಮುಟ್ಟಲಿಲ್ಲ.

ಹವಾ ಕಾಕಾರ ಅಂಗಡಿ ಮಾರ್ಕೆಟ್ ಯಾರ್ಡಿನ ಹಿಂದಿನ ಗೇಟಿನ ಹತ್ತಿರ ಇತ್ತು. ಅಂಗಡಿ ಎಂದರೆ ನಾಲ್ಕು ತಗಡು, ಟ್ಯೂಬು ಮುಳುಗಿಸಿ ನೋಡಲು ಒಂದು ನೀರಿನ ತೊಟ್ಟಿ, ಟಾಯರು ಕಳಚುವ ಎರಡು ಹಾರೆ, ಕಾಲಿನಿಂದ ಒತ್ತುವ ಒಂದು ಪಂಪು. ಬಾಗಿಲಿಗೆ ತೂಗುಬಿಟ್ಟ ಹಳೆಯ ಟಾಯರಿನ ಮೇಲೆ ಸುಣ್ಣದಲ್ಲಿ ‘ಹವಾ’ ಎಂದು ಬರೆದಿತ್ತು. ಆ ಎರಡಕ್ಷರವೇ ಅವರ ಹೆಸರಾಗಿಬಿಟ್ಟಿತು. ವಿಜಾಪುರದ ಕಡೆಯವರು. ವಯಸ್ಸಿನಲ್ಲಿದ್ದಾಗ ಮಿಲಿಟರಿ ಡಿಪೋದಲ್ಲಿ ಟಾಯರಿನ ಕೆಲಸ ಮಾಡಿದವರು. ಗಾಳಿ ಅಳೆಯುವ ಮೀಟರು ಅವರಲ್ಲೂ ಇತ್ತು, ಮೊಳೆಗೆ ತೂಗುಬಿದ್ದು ತುಕ್ಕು ಹಿಡಿಯುತ್ತಿತ್ತು. ಅವರು ಅಂಗೈಯಿಂದ ಟಾಯರನ್ನು ಒಮ್ಮೆ ತಟ್ಟುವರು, ತಲೆ ಓರೆ ಮಾಡಿ ಕೇಳುವರು. ಬೇಕಾದ ಸದ್ದು ಬಂದರೆ ಗಾಡಿಯ ಮೈಗೆ ಎರಡು ಪೆಟ್ಟು ತಟ್ಟಿ, ‘ಆತ್ರಿ, ಹೊಂಡ್ರಿ’ ಎನ್ನುವರು. ಕೊಲ್ಹಾಪುರಕ್ಕೆ, ಬೆಳಗಾವಿಗೆ ಮಾಲು ತುಂಬಿಕೊಂಡು ಘಾಟ್ ಇಳಿಯಬೇಕಾದ ಡ್ರೈವರುಗಳು ಆ ಮಾತು ಕಿವಿಗೆ ಬೀಳುವವರೆಗೆ ಗಾಡಿ ಚಾಲೂ ಮಾಡುತ್ತಿರಲಿಲ್ಲ. ಒಂದಕ್ಷರ ಕನ್ನಡ ಬಾರದ ಪಂಜಾಬಿ ಡ್ರೈವರುಗಳಿಗೂ ಆ ಎರಡು ಪದ ಬರುತ್ತಿತ್ತು. ಅವರ ಆಸ್ತಿಯೆಲ್ಲ ಆ ಮಾತೇ.

ಪಕ್ಕದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಾನು ಬುಕಿಂಗ್ ಕ್ಲಾರ್ಕ್. ಆಗ ವಯಸ್ಸು ಇಪ್ಪತ್ತೊಂದು, ಮೀಸೆ ಇನ್ನೂ ಅರ್ಜಿ ಹಾಕಿಕೊಂಡ ಹಂತದಲ್ಲಿತ್ತು. ಕೆಲಸಕ್ಕಿಂತ ಹೆಚ್ಚಾಗಿ ಜನರ ದನಿಯ ನಕಲಿ ಮಾಡುತ್ತಿದ್ದೆ. ಮ್ಯಾನೇಜರು ಹಲ್ಲಿನ ಸಂದಿನಿಂದ ಅಡಿಕೆ ತೆಗೆಯುತ್ತ ಬೈಯುವುದು, ಹಮಾಲರ ಮುಕಾದಮನ ಏರುದನಿ, ಸ್ವಾರಗೇಟಿನ ಕಂಡಕ್ಟರ ‘ಚಲಾ ಚಲಾ ಪುಢೇ’ ಎನ್ನುವುದು, ನಮ್ಮಪ್ಪ ನನ್ನ ಮಾರ್ಕ್ಸ್ ಕಾರ್ಡ್ ನೋಡಿ ಬಿಟ್ಟಿದ್ದ ನಿಟ್ಟುಸಿರು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ನನಗೇ ಸ್ವಲ್ಪ ಹುಡುಕಬೇಕಾಗುತ್ತಿತ್ತು. ಕಾಕಾ ನನ್ನನ್ನು ‘ಗಿಣಿ’ ಎಂದು ಕರೆಯುತ್ತಿದ್ದರು.

ಸುಡುವ ರಬ್ಬರಿನ ಹೊಗೆ ಕುಡಿದು ಕುಡಿದು ಅವರ ಗಂಟಲು ಕೆಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಮಾತಿಗಿಂತ ಕೆಮ್ಮೇ ಹೆಚ್ಚು. ಒಂದು ದಿನ ಕೆಮ್ಮಿನ ನಡುವೆ ನನ್ನ ಕಡೆ ಕೈ ಮಾಡಿದರು.

“ಏ ಗಿಣಿ, ನನ್ನ ಪರವಾಗಿ ನೀನ ಒದರಪಾ.”

ಒದರಿದೆ. ಲಾರಿ ಹೊರಟೇಹೋಯಿತು. ಡ್ರೈವರು ತಿರುಗಿ ಕೂಡ ನೋಡಲಿಲ್ಲ. ಕಾಕಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ಸೂಳೇಮಗನ, ನಾ ಸತ್ತ ಮ್ಯಾಲೂ ನನ್ನ ಅಂಗಡಿ ನಡೀತದ ಬಿಡು” ಎಂದರು. ಅಂದಿನಿಂದ ಅದೇ ರೂಢಿಯಾಯಿತು. ತಟ್ಟುವ ಕೈ ಅವರದು, ದನಿ ನನ್ನದು. ಕೈ ಅವರದಾಗಿದ್ದಷ್ಟು ದಿನ ಅದರಲ್ಲಿ ತಪ್ಪೇನೂ ಇರಲಿಲ್ಲ…

ಆ ವರ್ಷವೇ ಸಣ್ಣ ಸಾವ್ಕಾರ ಆ ಗಾಡಿ ತಂದದ್ದು. ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ದೊಡ್ಡ ಸಾವ್ಕಾರರ ಒಬ್ಬನೇ ಮಗ. ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವನು. ಮುಂಬಯಿಯಲ್ಲಿ ಯಾರೋ ಪರದೇಶದ ಸಾಹೇಬ ಮಾರಿಹೋದ ಎರಡು ಬಾಗಿಲಿನ ಅಮೆರಿಕದ ಕಾರು. ಕೆಂಪು ಬಣ್ಣ, ಉದ್ದನೆಯ ಮೂಗು. ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಎರಡೂ ಕೈಗೆ ಕೆಲಸವಿಲ್ಲದ ನಮ್ಮ ಮ್ಯಾನೇಜರಿಗೆ ಹೇಳಿ ಮಾಡಿಸಿದ ಗಾಡಿ ಎಂದು ನಾನು ಯಾರ್ಡಿನ ತುಂಬ ಹೇಳಿಕೊಂಡು ಬಂದಿದ್ದೆ.

ಕಾತ್ರಜದ ಘಾಟ್ ಹತ್ತಿ, ಹಳೆಯ ಸುರಂಗ ದಾಟಿ ಆಚೆ ಇಳಿದರೆ ಸಾತಾರದ ರಸ್ತೆ ಒಂದು ಕಡೆ ನೂಲು ಹಿಡಿದಂತೆ ನೇರ ಇತ್ತು. ಭಾನುವಾರ ಬೆಳಕು ಹರಿಯುವಾಗ ಗಾಡಿಯ ಹುಚ್ಚಿನ ಹುಡುಗರು ಅಲ್ಲಿ ಸೇರುತ್ತಿದ್ದರು. ಒಂದು ಫರ್ಲಾಂಗ್ ಕಲ್ಲಿನಿಂದ ಎರಡು ಕಲ್ಲು ಆಚೆಯವರೆಗೆ, ನಿಂತಲ್ಲಿಂದ ಓಟ. ಸಣ್ಣ ಸಾವ್ಕಾರನ ಮೊದಲ ಓಟ ಕ್ಯಾಂಪ್ ಬಡಾವಣೆಯ ಒಬ್ಬ ಹುಡುಗನ ಜೊತೆ. ಅವನದು ಗೇರಿನ ಸಣ್ಣ ಗಾಡಿ, ಕಸುವಿನಲ್ಲಿ ಇದರ ಅರ್ಧವೂ ಇಲ್ಲ. ಓಟ ಶುರುವೆಂದು ಕರವಸ್ತ್ರ ಬಿತ್ತು. ಸಾವ್ಕಾರ ಎಕ್ಸಲರೇಟರನ್ನು ತಳದವರೆಗೆ ತುಳಿದ. ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು, ಕಿರುಚಿದವು, ಹೊಗೆ ಉಗುಳಿದವು. ಹೊಗೆ ಕರಗಿ ನಮಗೆ ರಸ್ತೆ ಕಾಣುವಷ್ಟರಲ್ಲಿ ಕ್ಯಾಂಪಿನವನು ಓಟ ಮುಗಿಸಿ ಸಿಗರೇಟು ಹಚ್ಚಿದ್ದ.

“ಹೀ ತರ್ ಬಾಯಕಾಂಚೀ ಗಾಡೀ ರೇ!” ಎಂದ. ಹೆಂಗಸರ ಗಾಡಿ ಎಂಬ ಆ ಮಾತಿಗೆ ಎಲ್ಲರೂ ನಕ್ಕರು. ಸಾವ್ಕಾರನ ಕಿವಿ ಕೆಂಪಾದವು. ಬೆಲ್ಲದ ಅಂಗಡಿಯ ಪೇಢಿಯ ಮೇಲೆ ಹತ್ತು ಜನರ ಮುಂದೆ ‘ಇಂವಾ ಯಾತಕ್ಕೂ ಬರಲಾರದಾಂವ’ ಎಂದು ಅಪ್ಪನಿಂದ ಅನ್ನಿಸಿಕೊಂಡ ಹುಡುಗ ಅವನು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ನಿಂತಿದ್ದ.

“ಕಾಕಾ, ಗಾಡಿಗೆ ಕಸುವ ಭಾಳ ಅದ. ಮತ್ತ್ಯಾಕ ಮುಂದ ಹೋಗವಲ್ದು?”

“ಕಸುವ ಇದ್ರ ಏನಾತ್ರಿ? ನೆಲಾ ಹಿಡೀಬೇಕಲ್ಲ. ನಿಮ್ಮ ಗಾಡಿ ನೆಲದ ಕೂಡ ಜಗಳಾ ಆಡ್ಲಿಕ್ಕತ್ತದ. ಜಗಳಾ ಆಡಕೋತ ನಿಂತಾಂವ ಊರಿಗೆ ಹೆಂಗ ಹೋಗತಾನ?”

ಕಾಕಾ ಹೀಗೆಂದು ಕೆಳಗೆ ಕುಳಿತು ಹಿಂದಿನ ಟಾಯರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದರು. “ಕಲ್ಲಾಗ್ಯಾವ” ಎಂದರು. ಎಲ್ಲೆಲ್ಲಿಂದಲೋ ಹುಡುಕಿ ಅದೇ ಅಳತೆಯ, ರಬ್ಬರು ಮೆತ್ತಗಿದ್ದ ಒಂದು ಜೋಡಿ ತರಿಸಿದರು. ಆಮೇಲೆ ಎರಡು ವಾರ, ಯಾರ್ಡು ಖಾಲಿಯಾದ ಸಂಜೆಗಳಲ್ಲಿ, ಆ ಸಾವ್ಕಾರನ ಮಗನಿಗೆ ಗಾಡಿಯನ್ನು ಎಬ್ಬಿಸುವುದು ಹೇಗೆಂದು ಕಲಿಸಿದರು. ಅವರಿಗೆ ಸ್ವತಃ ಕಾರು ಓಡಿಸಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

“ಹಂಚ ಕಾಯಲಾರದ ರೊಟ್ಟಿ ಹಾಕತಾರೇನ್ರಿ? ಮೊದಲ ನೆಲಕ್ಕ ಒಂದ ತಂಬಗಿ ನೀರ ಹೊಡದು ಟಾಯರ ತಿರಗಸ್ರಿ. ಕಾವ ಬರಲಿ. ಆಮ್ಯಾಲ ಎಡಗಾಲ ಬ್ರೇಕಿನ ಮ್ಯಾಲ, ಬಲಗಾಲ ಜರಾನ ಒತ್ತರಿ. ಗಾಡಿ ಹಿಂದ ಕುಂಡರತದ. ಕುಂತಾಗ ಬ್ರೇಕ ಬಿಡ್ರಿ. ಆದ್ರ ಬಲಗಾಲ ಪೂರಾ ಒತ್ತಬ್ಯಾಡ್ರಿ. ಮಲಗಿದ ಕೂಸಿನ ಬಾಜೂಕ ಹಾದು ಹೋದಂಗ ಹೋಗ್ರಿ. ಹತ್ತ ಮಾರು ದಾಟಿದ್ದ ಮ್ಯಾಲ ಬೇಕಾದಂಗ ತುಳೀರಿ.”

ಹಿಂದೆ ತೂಕ ಬೇಕೆಂದು ಡಿಕ್ಕಿಯಲ್ಲಿ ಬೆಲ್ಲದ ಪೆಂಟೆಗಳನ್ನು ಇಡಿಸಿದರು. ಅಪ್ಪನ ಬೆಲ್ಲ ಕಡೆಗೂ ಮಗನ ಉಪಯೋಗಕ್ಕೆ ಬಂತು ಎಂದು ನಾನು ದೊಡ್ಡ ಸಾವ್ಕಾರರ ದನಿಯಲ್ಲಿ ಅಂದೆ. ಸಣ್ಣ ಸಾವ್ಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಗುವುದಕ್ಕೆಂದೇ ನನ್ನ ಹತ್ತಿರ ಬರುತ್ತಿದ್ದ. ಒಳ್ಳೆಯ ಹುಡುಗ.

ಕೊನೆಯ ಪಾಠ ಹವಾದ್ದು. ಹಿಂದಿನ ಎರಡೂ ಟಾಯರಿನ ಹವಾವನ್ನು ಅರ್ಧಕ್ಕೆ ಇಳಿಸಿದರೆ ಟಾಯರು ಅಗಲವಾಗಿ ನೆಲ ಹಿಡಿಯುತ್ತದೆ. ಉಸುಕಿನಲ್ಲಿ ಮಿಲಿಟರಿ ಲಾರಿಗಳಿಗೆ ಹಾಗೆಯೇ ಮಾಡುತ್ತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಕಾಕಾ ನಗುತ್ತಿರಲಿಲ್ಲ.

“ಸಾವ್ಕಾರ್ರ, ಈ ಹವಾ ಎರಡು ಫರ್ಲಾಂಗಿಗೆ. ಸೀದಾ ಹಾದಿಗೆ. ಇದರ ಮ್ಯಾಲ ಘಾಟಿನ ತಿರುವ ತಗೊಂಡ್ರ ಟಾಯರ ರಿಮ್ಮ ಬಿಟ್ಟು ಹೊರಗ ಬರತದ. ಓಟ ಮುಗದ ಮ್ಯಾಲ ನಾ ಹವಾ ತುಂಬೂತನಕ, ತಟ್ಟಿ ‘ಹೊಂಡ್ರಿ’ ಅನ್ನೂತನಕ ಗಾಡಿ ಹಂದಬಾರದು.”

“ಆತು ಕಾಕಾ. ನೀವು ಅನ್ನೂತನಕ ಹಂದೂದಿಲ್ಲ.”

ಆ ಮಾತನ್ನು ಅವನು ಉಳಿಸಿಕೊಂಡ. ಅಕ್ಷರಶಃ ಉಳಿಸಿಕೊಂಡ…

ಆ ಭಾನುವಾರ ನಾನು ಆಫೀಸಿನ ಹಳೆಯ ಸ್ಕೂಟರು ತೆಗೆದುಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಕಾಕಾ, ಅವರ ತೊಡೆಯ ಮೇಲೆ ಪಂಪು. ರಸ್ತೆಯ ಬದಿಯಲ್ಲಿ ಹವಾ ಇಳಿಸಿದರು, ತಟ್ಟಿ ಕೇಳಿದರು. ನೀರು ಹೊಡೆದದ್ದಾಯಿತು, ಟಾಯರು ಕಾದದ್ದಾಯಿತು. ಕರವಸ್ತ್ರ ಬಿದ್ದಾಗ ಆ ಕೆಂಪು ಗಾಡಿ ಕಿರುಚಲಿಲ್ಲ, ಹೊಗೆ ಬಿಡಲಿಲ್ಲ. ಹಿಂಗಾಲ ಮೇಲೆ ಕುಳಿತ ಬೆಕ್ಕು ನೆಗೆದಂತೆ ನೆಗೆಯಿತು. ಎರಡನೆಯ ಕಲ್ಲು ಬರುವಷ್ಟರಲ್ಲಿ ಕ್ಯಾಂಪಿನವನು ನಾಲ್ಕು ಗಾಡಿಯಷ್ಟು ಹಿಂದಿದ್ದ.

ಸಾವ್ಕಾರ ನಿಧಾನವಾಗಿ ಗಾಡಿ ತಿರುಗಿಸಿಕೊಂಡು ನಮ್ಮ ಹತ್ತಿರ ಬಂದು ನಿಲ್ಲಿಸಿದ. ಒಳಗಿನಿಂದಲೇ ಎರಡೂ ಕೈ ಎತ್ತಿ ಕೂಗುತ್ತಿದ್ದ. ಹುಡುಗರೆಲ್ಲ ಮುತ್ತಿಕೊಂಡರು. ಅಪ್ಪ ಪೇಢಿಗೆ ಹೊರಡುವ ಮೊದಲು ಹೋಗಿ ಹೇಳಬೇಕು ಎನ್ನುತ್ತಿದ್ದ. ಕಾಕಾ ಕುಳಿತು ಬಲಗಡೆಯ ಹಿಂದಿನ ಟಾಯರಿಗೆ ಹವಾ ತುಂಬಿದರು, ತಟ್ಟಿದರು, ಎದ್ದರು. ಎಡಗಡೆಗೆ ಬರುವ ಹೊತ್ತಿಗೆ ಕೆಮ್ಮು ಹತ್ತಿತು. ಪಂಪು ಹಿಡಿದೇ ರಸ್ತೆಯಂಚಿಗೆ ಹೋಗಿ, ಬೆನ್ನು ತಿರುಗಿಸಿ, ಮೊಣಕಾಲ ಮೇಲೆ ಕೈ ಊರಿ ಕೆಮ್ಮತೊಡಗಿದರು.

ಆ ಹೊತ್ತಿಗೆ ಹುಡುಗರೆಲ್ಲ ಸಾವ್ಕಾರನನ್ನೇ ನೋಡುತ್ತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಅಷ್ಟೇ ಕಾರಣ. ಬೇರೆ ಕಾರಣ ಇದ್ದರೆ ಎಷ್ಟು ಚೆನ್ನಾಗಿತ್ತು. ನಾನು ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಕಾಕಾರಂತೆ ಸೊಂಟ ಹಿಡಿದು ಎದ್ದು, ಕಾಕಾರಂತೆ ಎರಡು ಸಲ ಕೆಮ್ಮಿ, ಡಿಕ್ಕಿಗೆ ಎರಡು ಪೆಟ್ಟು ತಟ್ಟಿ ಅಂದೆ.

“ಆತ್ರಿ, ಹೊಂಡ್ರಿ ಸಣ್ಣ ಸಾವ್ಕಾರ್ರ!”

ಎಲ್ಲರೂ ನಕ್ಕರು. ಗಾಡಿ ಹೊರಟಿತು.

ಕಾಕಾ ತಿರುಗಿ ನೋಡಿದರು. ಪಂಪಿನ ನಳಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದರು. “ನಿಂದರ್ರಿ! ಸಾವ್ಕಾರ್ರ, ನಿಂದರ್ರಿ!” ಎಂದು ಒಡೆದ ಗಂಟಲಿನಲ್ಲಿ ಕೂಗಿದರು. ಬೆನ್ನ ಹಿಂದಿನ ಹುಡುಗರು ಅದೂ ನಾನೇ ಎಂದುಕೊಂಡು ಇನ್ನಷ್ಟು ನಕ್ಕರು. ಗಾಡಿಯಲ್ಲಿದ್ದವನಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೆ ಅವನೂ ಅದು ನನ್ನ ನಕಲಿ ಎಂದೇ ತಿಳಿದು ನಕ್ಕಿರಬಹುದು… ನಾನು ಅದನ್ನು ಯೋಚಿಸದ ದಿನವಿಲ್ಲ.

ಸ್ಕೂಟರು ಬೆನ್ನು ಹತ್ತಿತು. ಘಾಟ್ ಹತ್ತುವಾಗಲೇ ಕೆಂಪು ಬಣ್ಣ ಕಣ್ಮರೆಯಾಯಿತು. ಕಾಕಾ ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದರು. ಸುರಂಗ ದಾಟಿ ಕಾತ್ರಜದ ಕಡೆ ಇಳಿಯುವಾಗ ಎರಡನೆಯ ತಿರುವಿನಲ್ಲಿ ಮೊದಲು ವಾಸನೆ ಬಂತು. ಸುಟ್ಟ ರಬ್ಬರು, ಅದರ ಜೊತೆ ಬೆಲ್ಲ. ಗಾಡಿ ಕಟ್ಟೆ ಒಡೆದು ಕೆಳಗೆ ಬಂಡೆಗಳ ಮೇಲೆ ಮಗುಚಿ ಬಿದ್ದಿತ್ತು. ಡಿಕ್ಕಿ ಬಿಚ್ಚಿಕೊಂಡು ಬೆಲ್ಲ ಚೂರಾಗಿ ಇಳಿಜಾರಿನ ತುಂಬ ಚೆಲ್ಲಿತ್ತು. ಸಾವ್ಕಾರ ಒಳಗೇ ಇದ್ದ. ಅವನನ್ನು ಹೊರಗೆ ತೆಗೆಯುವ ಅವಸರ ಯಾರಿಗೂ ಬೇಕಿರಲಿಲ್ಲ.

ಕಾಕಾ ಕೆಳಗಿಳಿದು ಹೋದರು. ಆಕಾಶ ನೋಡುತ್ತಿದ್ದ ಬಲಗಡೆಯ ಹಿಂದಿನ ಟಾಯರನ್ನು ಅಂಗೈಯಿಂದ ತಟ್ಟಿದರು. ತಲೆ ಓರೆ ಮಾಡಿ ಕೇಳಿದರು. ಅದು ಸರಿಯಾದ ಸದ್ದನ್ನೇ ಕೊಟ್ಟಿತು. ಎಡಗಡೆಯದು ರಿಮ್ಮು ಬಿಟ್ಟು ಕಳಚಿ, ದೂರದಲ್ಲಿ ಕಂಟಿಯ ಬುಡದಲ್ಲಿ ಬಿದ್ದಿತ್ತು.

ಹವಾಲ್ದಾರ ಬಂದ. ಓಟ ನೋಡಿ ನಮ್ಮ ಹಿಂದೆ ಬಂದಿದ್ದವರೆಲ್ಲ ಒಂದೇ ಮಾತು ಹೇಳಿದರು. ಪಂಕ್ಚರಿನವನು ‘ಹೊರಡಿ’ ಎಂದ, ಹುಡುಗ ಹೊರಟ. ನನ್ನ ನಕಲಿ ಕಣ್ಣಾರೆ ನೋಡಿ ನಕ್ಕಿದ್ದವರು ಆಗಲೇ ಅಲ್ಲಿಂದ ಕಾಲು ಕಿತ್ತಿದ್ದರು. ಉಳಿದವರು ಆಚೆ ಬದಿಯಲ್ಲಿದ್ದು ದನಿ ಮಾತ್ರ ಕೇಳಿದವರು. ಹವಾಲ್ದಾರ ಕಾಕಾರ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದ, ಹೊರಡು ಎಂದದ್ದು ನೀನೇ ಏನು?

ಕಾಕಾ ನನ್ನನ್ನು ನೋಡಲಿಲ್ಲ. “ಹೋ. ಮೀಚ್” ಎಂದರು. ಹೌದು, ನಾನೇ.

ಇಡೀ ಮಾರ್ಕೆಟ್ ಯಾರ್ಡಿನ ದನಿ ನನ್ನ ಗಂಟಲಲ್ಲಿತ್ತು. ಆಗ ಬೇಕಾಗಿದ್ದ ಒಂದೇ ಒಂದು ದನಿ ಹೊರಬರಲಿಲ್ಲ.

ಮರುದಿನ ಅಂಗಡಿಗೆ ಹೋದೆ. “ಕಾಕಾ, ನಾ ಪೊಲೀಸ ಚೌಕಿಗೆ ಹೋಗಿ ಖರೇ ಹೇಳತೇನಿ” ಎಂದೆ. ಅವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು.

“ಲಾರಿಯವರಿಗೆ ನನ್ನ ಪರವಾಗಿ ಒದರು ಅಂದಾಂವ ಯಾರು? ನಾ. ನನ್ನ ದನಿ ನಾನ ನಿನ್ನ ಕೈಯಾಗ ಕೊಟ್ಟಿದ್ದೆ. ಹೋಗು, ನಿನ್ನ ಕೆಲಸಾ ನೋಡು.”

ಹೋದೆ. ಜನ್ಮದಲ್ಲಿ ಯಾರ ಮಾತನ್ನೂ ಅಷ್ಟು ಬೇಗ ಕೇಳಿದವನಲ್ಲ ನಾನು. ಅದರ ನಂತರ ಅವರು ನನ್ನನ್ನು ‘ಗಿಣಿ’ ಎಂದು ಕರೆಯಲಿಲ್ಲ. ನಾನೂ ನಕಲಿ ಮಾಡುವುದನ್ನು ಬಿಟ್ಟೆ ಎಂದು ಬರೆದರೆ ಚೆಂದ ಕಾಣುತ್ತದೆ. ಬಿಡಲಿಲ್ಲ. ಮೂರು ತಿಂಗಳು ಸುಮ್ಮನಿದ್ದೆ, ಆಮೇಲೆ ಮತ್ತೆ ಮ್ಯಾನೇಜರ ದನಿ ಬಂತು, ಕಂಡಕ್ಟರ ದನಿ ಬಂತು. ಕಾಕಾರ ದನಿಯೊಂದನ್ನು ತೆಗೆಯಲಿಲ್ಲ.

ಪೊಲೀಸರು ಅಪಘಾತ ಎಂದು ಬರೆದು ಮುಗಿಸಿದರು. ಡ್ರೈವರುಗಳು ಅಷ್ಟಕ್ಕೆ ಮುಗಿಸಲಿಲ್ಲ. ಜಗಳ ಆಡಿದವರಿಲ್ಲ, ಬೈದವರಿಲ್ಲ. ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬ ಲಾರಿ ನಿಲ್ಲಿಸಿದ. ಕಾಕಾ ಹವಾ ತುಂಬಿ, ತಟ್ಟಿ, ‘ಆತ್ರಿ, ಹೊಂಡ್ರಿ’ ಎಂದರು. ಅವನು ಕೆಳಗಿಳಿದು, ಜೇಬಿನಿಂದ ತನ್ನದೇ ಮೀಟರು ತೆಗೆದು, ಒಂದೊಂದೇ ಟಾಯರಿಗೆ ಹಚ್ಚಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಕಾಕಾ ಪಕ್ಕದಲ್ಲಿ ನಿಂತು ನೋಡಿದರು. ಹತ್ತು ಟಾಯರೂ ಮುಗಿಯುವವರೆಗೆ ನೋಡಿದರು… ವರ್ಷ ತುಂಬುವ ಮೊದಲೇ ತಗಡು ಬಿಚ್ಚಿದರು. ವಿಮಾನ ನಿಲ್ದಾಣದ ಕಡೆ ಕಟ್ಟುತ್ತಿದ್ದ ಯಾವುದೋ ಕಟ್ಟಡದಲ್ಲಿ ವಾಚಮನ್ ಆದರು ಎಂದು ಕೇಳಿದೆ. ಹೋದ ವರ್ಷ ತೀರಿಕೊಂಡರು ಎಂದೂ ಕೇಳಿದೆ. ಮಣ್ಣಿಗೆ ಹೋಗಲಿಲ್ಲ. ಆಫೀಸಿನಲ್ಲಿ ಆಡಿಟ್ ಇತ್ತು ಎಂದು ನನಗೆ ನಾನೇ, ನಮ್ಮ ಮ್ಯಾನೇಜರ ದನಿಯಲ್ಲಿ, ಹೇಳಿಕೊಂಡೆ.

ಕಳೆದ ವಾರ ಆ ಲಾರಿಯ ವಾಸನೆ ಬಂದಾಗ ನನ್ನ ಬಸ್ಸು ಬಂದಿತ್ತು. ಹತ್ತಲಿಲ್ಲ. ಕೇಳುತ್ತ ಕೇಳುತ್ತ ಕಾಕಾರ ಹೆಂಡತಿ ಕಾಕಿಯ ಮನೆ ಹುಡುಕಿದೆ. ಗುಲ್ಟೇಕಡಿಯ ಇಳಿಜಾರಿನಲ್ಲಿ ಒಂದೇ ಕೋಣೆ. ಕಾಕಿ ಈಗ ಗೌಂಡಿ ಕೆಲಸದ ನಮ್ಮ ಕಡೆಯವರಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ಮೂಲೆಯಲ್ಲಿ ಪಂಪು ಇತ್ತು, ಮೇಲೆ ಒಂದು ಅರಿವೆ ಹೊದಿಸಿತ್ತು. ನಾನು ಬಾಗಿಲಲ್ಲೇ ಕುಳಿತು ಏಳು ವರ್ಷದ ಮಾತನ್ನು ಹೇಳಿ ಮುಗಿಸಿದೆ. ಅವರ ಕೈ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತದ” ಎಂದರು.

“ಕಾಕಾ ಹೇಳಿದ್ರೇನು?”

“ಅವ್ರೆಲ್ಲಿ ಹೇಳತಾರ? ಅರ್ಧಾ ಹವಾದ ಗಾಡಿಗೆ ಹೊಂಡ್ರಿ ಅನ್ನೂ ನಾಲಿಗೀನ ಅಲ್ಲ ಅದು. ಮತ್ತ್ಯಾರ ಅಂದಿರಬೇಕು? ಊರಾಗ ಆ ದನಿ ಇದ್ದದ್ದ ಇಬ್ಬರ ಕಡೆ.” ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿದರು. “ಕಡೀಕ ಮನ್ಯಾಗೂ ಮಾತ ಬಿಟ್ಟಿದ್ರು. ಎಲ್ಲಾ ಕೈಸನ್ನೀ ಮ್ಯಾಲ ನಡೀತಿತ್ತು. ಎರಡು ವರ್ಷ ನಾ ಅವರ ದನೀನ ಕೇಳಿಲ್ಲ.”

ರೊಟ್ಟಿಯನ್ನು ಮಗುಚಿ ಹಾಕಿದರು. ಸುಮ್ಮನಿರುವುದು ನನಗೆ ಇಂದಿಗೂ ಬಾರದ ವಿದ್ಯೆ. ಏನಾದರೂ ಕೊಡಬೇಕೆನಿಸಿತು, ಕೊಡಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಗಂಟಲು ಸರಿಮಾಡಿಕೊಂಡೆ.

“ಕಾಕಿ… ನೀವು ಬೇಕಂದ್ರ, ಒಮ್ಮೆ ಅವರಂಗ ಮಾತಾಡಲೇನು?”

ಕಾಕಿ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

“ಬ್ಯಾಡಪಾ. ಆ ದನಿ ಕೇಳಿ ಹೊಂಟಾಂವ ಇನ್ನೂ ಮನೀಗೆ ಬಂದಿಲ್ಲ.”